ಕಾರಿಲ್ಲದೆ ನಡೆಯದ ಊರಿನಲ್ಲಿ ಬಸ್ಸು ಏಕೆ ಸೋಲುತ್ತದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್ ರಾಜ್ಯದ ಒಂದು ಉಪನಗರಕ್ಕೆ ನಾವು ಬಂದು ಒಂದು ವರ್ಷವಾಯಿತು. ಮೈಸೂರಿನಲ್ಲಿ ನಲವತ್ತು ವರ್ಷ ಸಿಟಿ ಬಸ್ಸಿನಲ್ಲೇ ಓಡಾಡಿಕೊಂಡಿದ್ದ ನನ್ನ ತಾಯಿಯವರು ಇಲ್ಲಿ ಯಾರಾದರೂ ಕಾರು ತೆಗೆಯುವವರೆಗೆ ಮನೆಯಲ್ಲೇ ಕೂರಬೇಕಾಗಿದೆ. ಕಳೆದ ಜುಲೈನಲ್ಲಿ ಅವರನ್ನು ಬಸ್ಸಿನಲ್ಲಿ ಗ್ರಂಥಾಲಯಕ್ಕೆ ಕರೆದೊಯ್ಯೋಣವೆಂದು ಹೊರಟೆ. ನಿಲ್ದಾಣವೆಂದರೆ ಹುಲ್ಲಿನ ನಡುವೆ ನೆಟ್ಟ ಒಂದು ಕಂಬ. ನೆರಳಿಲ್ಲ, ಬೆಂಚಿಲ್ಲ, ಅಲ್ಲಿಗೆ ಹೋಗುವ ಫುಟ್‌ಪಾತ್ ಅರ್ಧಕ್ಕೇ ನಿಂತುಹೋಗಿದೆ. ನಾವು ರಸ್ತೆ ದಾಟುವಷ್ಟರಲ್ಲಿ ಬಸ್ಸು ಹೊರಟುಹೋಯಿತು, ಮುಂದಿನದು ಒಂದು ಗಂಟೆಯ ಮೇಲೆ. ಅಮ್ಮ ಸೆರಗನ್ನು ತಲೆಗೆ ಹೊದ್ದು, ಆ ಕಂಬದ ತೆಳ್ಳನೆಯ ನೆರಳಿನಲ್ಲಿ ಇಪ್ಪತ್ತು ನಿಮಿಷ ನಿಂತು, "ಮನೆಗೆ ಹೋಗೋಣ ನಡಿ" ಎಂದರು.

ಜನ ಹತ್ತುವುದಿಲ್ಲ, ಆದ್ದರಿಂದ ಬಸ್ಸು ಹೆಚ್ಚಿಸುವುದಿಲ್ಲ ಎಂಬ ಮಾತು ಇಲ್ಲಿ ಕೇಳಿಬರುತ್ತದೆ. ಬಸ್ಸೇ ಬಾರದಿದ್ದರೆ ಜನ ಹತ್ತುವುದು ಹೇಗೆ? ಈ ಗಂಟನ್ನು ಯಾವ ತುದಿಯಿಂದ ಬಿಡಿಸಬೇಕು?

ಉತ್ತರ 1

ನನ್ನ ಉತ್ತರ ಒಂದೇ: ಬಸ್ಸು ಬೇಗ ಬೇಗ ಬರಬೇಕು. ಗಂಟೆಗೊಂದು ಬಸ್ಸಿದ್ದರೆ ನಮ್ಮ ದಿನವನ್ನು ಬಸ್ಸಿನ ವೇಳಾಪಟ್ಟಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಕಾಲು ಗಂಟೆಗೊಂದು ಇದ್ದರೆ ವೇಳಾಪಟ್ಟಿಯನ್ನೇ ನೋಡದೆ ಮನೆಯಿಂದ ಹೊರಡಬಹುದು.

ನಾನಿರುವ ಹ್ಯೂಸ್ಟನ್ ನಗರ ಕಾರಿಗಾಗಿಯೇ ಬೆಳೆದ ಊರು. ಇಲ್ಲಿನ ಕೇಟಿ ಹೆದ್ದಾರಿ, ಪಕ್ಕದ ಸರ್ವಿಸ್ ರಸ್ತೆಗಳೂ ಸೇರಿ, ಕೆಲವೆಡೆ 26 ಪಥಗಳಷ್ಟು ಅಗಲವಾಗಿದೆ. 2008ರಲ್ಲಿ ಆ ವಿಸ್ತರಣೆ ಮುಗಿದ ಕೆಲವೇ ವರ್ಷಗಳಲ್ಲಿ ದಟ್ಟಣೆ ಮರಳಿ ಬಂತು. ಇಂಥ ಊರಿನಲ್ಲಿ, ಬಸ್ಸು ನಡೆಸುವ ಮೆಟ್ರೊ ಸಂಸ್ಥೆ 2015ರ ಆಗಸ್ಟ್‌ನಲ್ಲಿ ಒಂದೇ ರಾತ್ರಿಯಲ್ಲಿ ಇಡೀ ಮಾರ್ಗಜಾಲವನ್ನು ಬದಲಾಯಿಸಿತು. ಒಂದೇ ರಸ್ತೆಯಲ್ಲಿ ಒಂದರ ಹಿಂದೊಂದು ಓಡುತ್ತಿದ್ದ ಮಾರ್ಗಗಳನ್ನು ಕೂಡಿಸಿ, ಸುತ್ತುಬಳಸಿನ ಮಾರ್ಗಗಳನ್ನು ನೇರ ಮಾಡಿ, ಎಲ್ಲವೂ ಪೇಟೆಯ ನಡುಭಾಗಕ್ಕೇ ಹೋಗಬೇಕೆಂಬ ಹಳೆಯ ಪದ್ಧತಿಯನ್ನು ಬಿಟ್ಟು, ಉಳಿದ ಬಸ್ಸು ಮತ್ತು ಚಾಲಕರನ್ನು ಮುಖ್ಯ ರಸ್ತೆಗಳಲ್ಲಿ ಚದುರಂಗದ ಮನೆಗಳಂತೆ ಹರಡಿದರು. ಆ ಮುಖ್ಯ ಮಾರ್ಗಗಳಲ್ಲಿ ವಾರದ ಏಳೂ ದಿನ ಹದಿನೈದು ನಿಮಿಷಕ್ಕೊಂದು ಬಸ್ಸು ಬರುವಂತಾಯಿತು. ಶನಿವಾರ, ಭಾನುವಾರ ಹತ್ತುವವರ ಸಂಖ್ಯೆ ಎದ್ದುಕಾಣುವಂತೆ ಏರಿತು. ವಾರಾಂತ್ಯದಲ್ಲೂ ಅಂಗಡಿ, ಆಸ್ಪತ್ರೆಗಳಲ್ಲಿ ದುಡಿಯುವವರು ಎಷ್ಟು ಮಂದಿ ಎಂಬುದು ಕಾರಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ.

ಆದರೆ ಇದರಲ್ಲಿ ನೋವೂ ಇದೆ. ಇರುವ ಹಣದಲ್ಲೇ ಹೀಗೆ ಮಾಡಬೇಕೆಂದರೆ ಜನ ವಿರಳವಾಗಿರುವ ಬಡಾವಣೆಗಳ ಬಸ್ಸನ್ನು ಕಡಿಮೆ ಮಾಡಬೇಕಾಗುತ್ತದೆ. ನಿಮ್ಮ ತಾಯಿಯವರಂಥವರು ಇರುವುದು ಅಲ್ಲಿಯೇ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಬಸ್ಸಿನಿಂದ ಇಳಿದ ಮೇಲಿನ ದಾರಿಯನ್ನೂ ನೋಡಬೇಕು. ನಮ್ಮ ಉಪನಗರಗಳಲ್ಲಿ ಬೀದಿಗಳು ಒಂದಕ್ಕೊಂದು ಕೂಡುವುದಿಲ್ಲ. ಬೇಲಿಯಾಚೆ ಕಾಣುವ ನಿಲ್ದಾಣಕ್ಕೆ ಅರ್ಧ ಮೈಲಿ ಸುತ್ತಬೇಕು. ಅಂಗಡಿಯ ಮುಂದೆ ಕ್ರಿಕೆಟ್ ಮೈದಾನದಷ್ಟು ಪಾರ್ಕಿಂಗ್. ಅದು ಅಂಗಡಿಯವನ ಇಚ್ಛೆಯಷ್ಟೇ ಅಲ್ಲ, ಇಷ್ಟು ಕಾರಿಗೆ ಇಷ್ಟು ಜಾಗ ಬಿಡಲೇಬೇಕೆಂದು ಊರೂರಿನ ಕಟ್ಟಡ ನಿಯಮವೇ ವಿಧಿಸಿತ್ತು. ಆಸ್ಟಿನ್ ನಗರ 2023ರಲ್ಲಿ ಬಹುತೇಕ ಎಲ್ಲ ಕಟ್ಟಡಗಳಿಗೂ ಆ ನಿಯಮವನ್ನು ಕೈಬಿಟ್ಟಿತು. ಫಲ ಕಾಣಲು ವರ್ಷಗಳು ಬೇಕು, ಆದರೂ ಅದು ಸರಿಯಾದ ಹೆಜ್ಜೆ ಎಂದೇ ನನ್ನ ಅಭಿಪ್ರಾಯ.

ಬಸ್ಸಿನ ಬದಲು ಮೊಬೈಲಿನಲ್ಲಿ ಕರೆಯುವ ವ್ಯಾನು ಸಾಕೆಂದು ಹೇಳುವವರಿದ್ದಾರೆ. ಡಲ್ಲಾಸ್ ಮತ್ತು ಫೋರ್ಟ್ ವರ್ತ್ ನಡುವೆ ಸುಮಾರು 4 ಲಕ್ಷ ಜನರಿರುವ ಆರ್ಲಿಂಗ್ಟನ್ ನಗರ, ತನಗಿದ್ದ ಒಂದೇ ಬಸ್ ಮಾರ್ಗವನ್ನು 2017ರ ಕೊನೆಗೆ ನಿಲ್ಲಿಸಿ ಅದನ್ನೇ ಆರಿಸಿಕೊಂಡಿತು. ಮನೆಯ ಹತ್ತಿರವೇ ಬರುವುದರಿಂದ ವಯಸ್ಸಾದವರಿಗೆ ಅದು ನಿಜಕ್ಕೂ ಅನುಕೂಲ. ಆದರೆ ಬಸ್ ಸೇವೆಯ ಖರ್ಚಿನಲ್ಲಿ ದೊಡ್ಡ ಪಾಲು ಚಾಲಕರ ಸಂಬಳ. ವ್ಯಾನಿನಲ್ಲಿ ಒಬ್ಬ ಚಾಲಕ ಗಂಟೆಗೆ ಬೆರಳೆಣಿಕೆಯ ಜನರನ್ನಷ್ಟೇ ಸಾಗಿಸಬಲ್ಲ, ಹತ್ತುವವರು ಹೆಚ್ಚಿದಷ್ಟೂ ಕಾಯುವ ಹೊತ್ತು ಬೆಳೆಯುತ್ತದೆ.

ಉತ್ತರ 3

ಬೆಂಗಳೂರಿನಿಂದ ಒಂದು ಮಾತು. ನಮ್ಮಲ್ಲಿ ಬಸ್ಸಿಗೆ ಜನರ ಕೊರತೆಯಿಲ್ಲ, ರಸ್ತೆಯ ಕೊರತೆ. 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಟಿನ್ ಫ್ಯಾಕ್ಟರಿಯವರೆಗೆ ಹೊರವರ್ತುಲ ರಸ್ತೆಯಲ್ಲಿ ಗೂಟಗಳನ್ನು ನೆಟ್ಟು ಬಸ್ಸಿಗೆಂದೇ ಪಥ ಬಿಟ್ಟಿದ್ದರು. ಮುಂದೆ ಮೆಟ್ರೊ ರೈಲಿನ ಕಾಮಗಾರಿ ಬಂದು ಆ ಪಥ ಇಲ್ಲವಾಯಿತು. ಅರವತ್ತು ಜನರಿರುವ ಬಸ್ಸು ಒಬ್ಬೊಬ್ಬರೇ ಕೂತ ಕಾರುಗಳ ಹಿಂದೆ ನಿಲ್ಲುವುದನ್ನು ದಿನವೂ ನೋಡುತ್ತೇನೆ, ದಿನವೂ ಬೇಸರವಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮುಂದಿನ ತಿಂಗಳ ನಗರಸಭೆಯ ಸಭೆಯಲ್ಲಿ ಸಾರ್ವಜನಿಕರಿಗೆ ಮೂರು ನಿಮಿಷ ಮಾತನಾಡಲು ಅವಕಾಶವಿದೆ. ಅರ್ಧಕ್ಕೆ ನಿಂತ ಫುಟ್‌ಪಾತನ್ನು ಕಂಬದವರೆಗೆ ಮುಂದುವರಿಸಿ, ಅಲ್ಲೊಂದು ಚಪ್ಪರ ಹಾಕಿ, ಬಸ್ಸನ್ನು ಕನಿಷ್ಠ ಅರ್ಧ ಗಂಟೆಗೊಂದು ಮಾಡಿ ಎಂದು ಕೇಳುತ್ತೇನೆ. ಅಮ್ಮನೂ ಬರುತ್ತಾರೆ, ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳುವೆ.