ಪದಚರ್ಚೆ: 'ಪರಿಹಾರ' ಎಂಬ ಒಂದೇ ಪದ ಸಾಲದು

ಮಂಡ್ಯ ಸೀಮೆಯ ಭತ್ತದ ರೈತರಿಗೆಂದು ಹವಾಮಾನ ಬದಲಾವಣೆಯ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ಮಿಟಿಗೇಶನ್ (ಭೂಮಿಯನ್ನು ಬಿಸಿಯೇರಿಸುವ ಅನಿಲಗಳನ್ನು ಕಡಿಮೆ ಮಾಡುವುದು), ಅಡಾಪ್ಟೇಶನ್ (ಬದಲಾದ ಹವೆಗೆ ತಕ್ಕಂತೆ ನಡೆದುಕೊಳ್ಳುವುದು), ಲಾಸ್ ಅಂಡ್ ಡ್ಯಾಮೇಜ್ (ಇವೆರಡೂ ತಡೆಯಲಾಗದೆ ಆಗುವ ಹಾನಿ) ಮೂರಕ್ಕೂ ಅಲ್ಲಲ್ಲಿ 'ಪರಿಹಾರ' ಎಂದೇ ಬಿದ್ದಿದೆ. ಬೇರೆ ಬೇರೆ ಪದ ಬೇಕು, ಬಲ್ಲವರು ತಿಳಿಸಿ.

ದಾನಶಾಸನಗಳ 'ಸರ್ವಬಾಧಾಪರಿಹಾರ' ಎಂದರೆ ತೆರಿಗೆ, ತೊಡಕುಗಳಿಂದ ಬಿಡುಗಡೆ. ಜ್ಯೋತಿಷಿಗೆ 'ಪರಿಹಾರ' ಎಂದರೆ ದೋಷನಿವಾರಣೆ. ಮದ್ದೂರು, ಮಳವಳ್ಳಿ ಕಡೆ ನಾಲೆಯ ಕೊನೆ ಭಾಗದವರಿಗೋ ಬೆಳೆ ಹೋದಮೇಲೆ ಖಾತೆಗೆ ಬೀಳುವ ದುಡ್ಡು. 'ಹವಾಮಾನ ಬದಲಾವಣೆಗೆ ಪರಿಹಾರ' ಎಂದರೆ 'ಎಕರೆಗೆಷ್ಟು?' ಎಂದು ಕೇಳಿಯೇ ಕೇಳುತ್ತಾರೆ, ತಪ್ಪು ಅವರದಲ್ಲ.

ಹಾನಿಗೊಳಗಾದ ಬಡ ದೇಶಗಳಿಗೆ ನೆರವಾಗುವ ಲಾಸ್ ಅಂಡ್ ಡ್ಯಾಮೇಜ್ ನಿಧಿಗೆ 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನ ವಿಶ್ವಸಂಸ್ಥೆ ಹವಾಮಾನ ಸಮ್ಮೇಳನದಲ್ಲಿ ಒಪ್ಪಿಗೆ ಸಿಕ್ಕಿತು, 2023ರಲ್ಲಿ ದುಬೈ ಸಮ್ಮೇಳನದಲ್ಲಿ ಚಾಲನೆ. ಇದನ್ನು 'ಪರಿಹಾರ ನಿಧಿ' ಎನ್ನುವಂತಿಲ್ಲ. 2015ರಲ್ಲಿ ಪ್ಯಾರಿಸ್ ಒಪ್ಪಂದವನ್ನು ಅಂಗೀಕರಿಸಿದ ನಿರ್ಣಯದ 51ನೇ ಪರಿಚ್ಛೇದ, ಈ ಕುರಿತ 8ನೇ ವಿಧಿಯು ಹೊಣೆಗಾರಿಕೆಗಾಗಲಿ ನಷ್ಟಪರಿಹಾರಕ್ಕಾಗಲಿ ಆಧಾರವಾಗದು ಎಂದು ಕಡ್ಡಿ ಮುರಿದಂತೆ ಹೇಳಿದೆ. ಶ್ರೀಮಂತ ದೇಶಗಳು ಹಟ ಹಿಡಿದು ಹೊರಗಿಟ್ಟದ್ದನ್ನು ಅನುವಾದಕರು ಪುಕ್ಕಟೆಯಾಗಿ ಒಳಗೆ ಬಿಟ್ಟುಕೊಂಡಂತಾಗುತ್ತದೆ! 'ನಷ್ಟ-ಹಾನಿ ನಿಧಿ' ಸಾಕು.

ಕೈಪಿಡಿಯ ಮಹಾವಿಪತ್ತಿನ ಅಧ್ಯಾಯದಲ್ಲಂತೂ 'ಪರಿಹಾರ' ದಾರಿ ತಪ್ಪಿಸುತ್ತದೆ. ಆ ಪದ ಕೇಳಿದೊಡನೆ ರೈತರಿಗೆ ನೆನಪಾಗುವುದು ಪ್ರಧಾನಮಂತ್ರಿ ಫಸಲ್ ಬಿಮಾದಂಥ ಬೆಳೆವಿಮೆಯ ದುಡ್ಡು. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ಉಳಿದೀತು ಎಂಬುದೇ ವಿಮೆಯ ಲೆಕ್ಕ. ಎಲ್ಲ ಕಡೆ ಒಟ್ಟಿಗೆ, ವರ್ಷದ ಮೇಲೆ ವರ್ಷ ಕೆಟ್ಟರೆ ಆ ಲೆಕ್ಕ ನಿಲ್ಲದು. ಸಂಭವ ಕಡಿಮೆ, ಹಾನಿ ಅಪಾರ ಎನ್ನುವಂಥ ಗಂಡಾಂತರಕ್ಕೆ ನೀತಿ ಹೇಳುವ ಮೊದಲ ಮಾತು ಅನಿಲ ತಗ್ಗಿಸಿ ಎಂಬುದು. ಆದ್ದರಿಂದ ಮಿಟಿಗೇಶನ್‌ಗೆ 'ತಗ್ಗಿಕೆ' ಇರಲಿ. 'ಉಪಶಮನ' ನೋವನ್ನು ಕಡಿಮೆ ಮಾಡುತ್ತದೆಯೇ ಹೊರತು ರೋಗವನ್ನಲ್ಲ. ಅಡಾಪ್ಟೇಶನ್‌ಗೆ 'ಹೊಂದಿಕೆ'.

ಇನ್ನೊಂದು ತೊಡಕು ಉಳಿದಿದೆ: 'ಆಲ್ಟರ್ನೇಟ್ ವೆಟಿಂಗ್ ಅಂಡ್ ಡ್ರೈಯಿಂಗ್', ಅಂದರೆ ಗದ್ದೆಗೆ ನೀರು ಹಾಯಿಸಿ, ಇಳಿಯಲು ಬಿಟ್ಟು, ಮತ್ತೆ ಹಾಯಿಸುವ ಕ್ರಮಕ್ಕೆ ಕನ್ನಡದಲ್ಲಿ ಏನೆನ್ನುವುದು? ಸದಾ ನೀರು ನಿಂತ ಗದ್ದೆಯ ಕೆಸರಿಗೆ ಗಾಳಿ ಸೇರದೆ ಮೀಥೇನ್ ಎಂಬ, ಭೂಮಿಯನ್ನು ಬಿಸಿಯೇರಿಸುವ ಅನಿಲ ಹುಟ್ಟುತ್ತದೆ. ಅದಕ್ಕೆ ಮದ್ದು: 30 ಸೆಂ.ಮೀ. ಉದ್ದದ, ತೂತು ಕೊರೆದ ಕೊಳವೆಯನ್ನು ಅರ್ಧ ಹೂತು, ಒಳಗಿನ ಮಣ್ಣು ತೆಗೆಯುವುದು. ಅದರಲ್ಲಿ ನೀರು ನೆಲಮಟ್ಟದಿಂದ 15 ಸೆಂ.ಮೀ. ಇಳಿದಾಗ ಮತ್ತೆ 5 ಸೆಂ.ಮೀ. ನಿಲ್ಲುವಂತೆ ಹಾಯಿಸುವುದು. ಹೂಬಿಡುವ ಹೊತ್ತಿಗೆ ಹಿಂದೊಂದು ವಾರ, ಮುಂದೊಂದು ವಾರ ಒಣಗಗೊಡಬಾರದು, ಕಾಳು ಜೊಳ್ಳಾಗುತ್ತದೆ. ಗದ್ದೆ ಸಮತಟ್ಟಿಲ್ಲದಿದ್ದರೆ ದಿಬ್ಬದ ಕಡೆ ಮೊದಲು ಒಣಗಿ ಕಳೆ ಏಳುತ್ತದೆ. ಇದು ತಗ್ಗಿಕೆಯೂ ಹೌದು, ನೀರು ಉಳಿಯುವುದರಿಂದ ಹೊಂದಿಕೆಯೂ ಹೌದು. ಕರಡಿನಲ್ಲಿ ಇದಕ್ಕೆ 'ಕಟ್ಟು ಪದ್ಧತಿ' ಎಂದಿದ್ದಾರೆ. ಅದು ಒಪ್ಪದು: ವಿಶ್ವೇಶ್ವರಯ್ಯ ನಾಲೆಯ ಕಟ್ಟು ಇಷ್ಟು ದಿನ ಬಿಡು, ಇಷ್ಟು ದಿನ ನಿಲ್ಲಿಸು ಎಂಬ ದಿನದ ಲೆಕ್ಕದ್ದು; ಇದು ಕೊಳವೆಯ ಮಟ್ಟ ನೋಡಿ ಮಾಡುವುದು. 'ಆರಿಸಿ ಹಾಯಿಸುವುದು' ಎಂದರೆ 'ಆಯ್ದು' ಎಂಬ ಅರ್ಥ ಅಡ್ಡ ಬರುತ್ತದೆ. 'ಆರಗೊಟ್ಟು ಹಾಯಿಸುವುದು' ಹೇಗೆ? ಗದ್ದೆಗಳಿಗೆ ನೀರು ಹಾಯಿಸುವ ನೀರುಗಂಟಿಗಳ ಬಾಯಲ್ಲಿ ಇದಕ್ಕಿಂತ ಚಿಕ್ಕ ಮಾತಿದ್ದರೆ, ಯಾವ ಹೋಬಳಿಯ ಬಳಕೆ ಎಂಬುದನ್ನೂ ಸೇರಿಸಿ ತಿಳಿಸಿ.