ಡ್ರಿಲ್ ಟ್ರಿಗರ್ ಅರ್ಧ ಒತ್ತಿದರೆ ಏನೂ ಇಲ್ಲ, ಪೂರ್ತಿ ಒತ್ತಿದರೆ ಫುಲ್ ಸ್ಪೀಡ್. ಗುಜರಿ ಪಾರ್ಟ್ ಹಾಕಬಹುದಾ?

ವಿಜಯನಗರ_ಬಡಗಿ:
12 ವೋಲ್ಟ್ ಕಾರ್ಡ್‌ಲೆಸ್ ಡ್ರಿಲ್, ಬ್ರಷ್ ಮೋಟಾರ್, ವಾರಂಟಿ ಮುಗಿದು ಕಾಲವಾಯ್ತು. ಮುಂದಿನ ಎಲ್‌ಇಡಿ ಉರಿಯುತ್ತದೆ. ಟ್ರಿಗರ್ ಮೆಲ್ಲಗೆ ಒತ್ತಿದರೆ ಸದ್ದೇ ಇಲ್ಲ. ಪೂರ್ತಿ ಅದುಮಿದರೆ ಒಂದೇ ಏಟಿಗೆ ಫುಲ್ ಸ್ಪೀಡ್‌ಗೆ ಹೋಗುತ್ತದೆ, ಸ್ಕ್ರೂ ಹಾಕೋಕೆ ಹೋದರೆ ಸ್ಕ್ರೂ ತಲೆಯೇ ಸವೆದು ಹೋಗ್ತಿದೆ. ಸರ್ವಿಸ್‌ನವರು ಆ ಮಾಡೆಲ್‌ಗೆ ಪಾರ್ಟ್ ಬರಲ್ಲ, ಹೊಸದು ತಗೊಳ್ಳಿ ಅಂದರು. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಇದೆ. ಅದರ ಸೆಲ್ ತೆಗೆದು ಹಾಕಿದರೆ ಸರಿಹೋಗುತ್ತಾ? ಭಾನುವಾರ ಬೆಂಗಳೂರಿನ ಸಂಡೇ ಬಜಾರ್ (ಹಳೇ ಸಾಮಾನಿನ ಸಂತೆ) ಕಡೆ ಹೋಗ್ತೀನಿ, ಏನು ಹುಡುಕಬೇಕು ಹೇಳಿ.

ಸುಮ್ನೆ_ರಿಪೇರಿ:
ಬ್ಯಾಟರಿ ಹೋಗಿದೆ ಗುರು. ಸೆಲ್ ಚೇಂಜ್ ಮಾಡು, ಓಡುತ್ತೆ.

ಪೀಣ್ಯ_ವೈಂಡಿಂಗ್:
ಬ್ಯಾಟರಿ ಮುಟ್ಟಬೇಡಿ ಸಾರ್. ಸುಸ್ತಾದ ಬ್ಯಾಟರಿ ಉಲ್ಟಾ ಆಡುತ್ತದೆ. ಮೆಲ್ಲಗೆ ಒತ್ತಿದಾಗ ಹೇಗೋ ತಿರುಗಿ, ಪೂರ್ತಿ ಒತ್ತಿ ಲೋಡ್ ಕೊಟ್ಟಾಗ ನಿಂತುಹೋಗುತ್ತದೆ. ನಿಮ್ಮದು ಪೂರ್ತಿ ಒತ್ತಿದಾಗ ಜೋರಾಗಿ ಓಡ್ತಿದೆ ಅಂದರೆ ಬ್ಯಾಟರಿ, ಮೋಟಾರ್, ಕಾರ್ಬನ್ ಬ್ರಷ್ ಮೂರೂ ಕೆಲಸ ಮಾಡ್ತಿವೆ.

ಹೋಗಿರೋದು ಸ್ವಿಚ್. ಬ್ರಷ್ ಮೋಟಾರ್ ಡ್ರಿಲ್‌ಗಳಲ್ಲಿ ಟ್ರಿಗರ್ ಒತ್ತಿದಷ್ಟೂ ಒಂದು ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಕರೆಂಟನ್ನು ಕ್ಷಣಕ್ಷಣಕ್ಕೂ ಆನ್ ಆಫ್ ಮಾಡುತ್ತಾ ಸ್ಪೀಡ್ ಏರಿಸುತ್ತದೆ. ಕೊನೆಗೆ, ಟ್ರಿಗರ್ ಪೂರ್ತಿ ಒಳಗೆ ಹೋದಾಗ, ತುಂಬಾ ಸ್ವಿಚ್‌ಗಳಲ್ಲಿ ಒಂದು ತಾಮ್ರದ ಕಾಂಟ್ಯಾಕ್ಟ್ ಮಾಸ್‌ಫೆಟ್ಟನ್ನು ಬದಿಗಿಟ್ಟು ಬ್ಯಾಟರಿಯನ್ನು ನೇರ ಮೋಟಾರ್‌ಗೆ ಕೊಡುತ್ತದೆ. ನಿಮಗೆ ಓಡ್ತಿರೋದು ಆ ದಾರಿಯಲ್ಲಿ ಮಾತ್ರ. ಮಾಸ್‌ಫೆಟ್ ಓಪನ್ ಆಗಿದೆ, ಅಂದರೆ ಒಳಗೇ ಕಡಿದುಹೋಗಿ ಕರೆಂಟ್ ಬಿಡ್ತಿಲ್ಲ, ಇಲ್ಲಾ ಅದನ್ನು ನಡೆಸುವ ಚಿಕ್ಕ ಬೋರ್ಡ್ ಸತ್ತಿದೆ. ಅದೇ ಮಾಸ್‌ಫೆಟ್ ಶಾರ್ಟ್ ಆಗಿದ್ದರೆ ಟ್ರಿಗರ್ ಮುಟ್ಟಿದ ಕೂಡಲೇ ಫುಲ್ ಸ್ಪೀಡ್ ಬರ್ತಿತ್ತು.

ಬ್ಯಾಟರಿ ತೆಗೆದಿಟ್ಟು ಬಿಚ್ಚಿ. ಬಿಚ್ಚೋ ಮುಂಚೆ, ಬಿಚ್ಚಿದ ಮೇಲೆ, ಎರಡು ಸಲವೂ ಫೋಟೋ ತೆಗೆಯಿರಿ. ಗೇರ್‌ಬಾಕ್ಸ್ ಬಿಗಿಯಾಗಿ ಹಿಡಿದಿಟ್ಟುಕೊಳ್ಳಿ, ಅದು ಬಿಟ್ಟುಕೊಂಡರೆ ಕ್ಲಚ್ಚಿನ ಸಣ್ಣ ಬಾಲ್‌ಗಳು ಮಂಚದ ಕೆಳಗೆ ಹೋಗ್ತವೆ. ಸ್ವಿಚ್‌ನಿಂದ ಮೂರು ವೈರ್ ಹೊರಗೆ ಬಂದು ಅಲ್ಯೂಮಿನಿಯಂ ತುಂಡಿಗೆ ಸ್ಕ್ರೂ ಮಾಡಿದ ಕಪ್ಪು ಮಾಸ್‌ಫೆಟ್‌ಗೆ ಹೋಗಿದ್ದರೆ ನಿಮ್ಮ ಅದೃಷ್ಟ. ಅದೊಂದನ್ನೇ ಬದಲಾಯಿಸಿ ನೋಡಬಹುದು. ಐಆರ್‌ಎಫ್3205 ಸಾಕು, 55 ವೋಲ್ಟ್, 110 ಆಂಪ್ ರೇಟಿಂಗ್. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಆದರೆ ಡೂಪ್ಲಿಕೇಟೂ ಜಾಸ್ತಿ, ಒಂದರ ಬದಲು ಎರಡು ತಗೊಳ್ಳಿ. ಮಾಸ್‌ಫೆಟ್ ಸ್ವಿಚ್ ಡಬ್ಬಿಯ ಒಳಗೇ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಪೂರ್ತಿ ಸ್ವಿಚ್ಚೇ ಹುಡುಕಿ.

ವಿಜಯನಗರ_ಬಡಗಿ:
ಬಿಚ್ಚಿದೆ. ಡಬ್ಬಿಯ ಒಳಗೇ ಇದೆ, ಹೊರಗೆ ಏನೂ ಇಲ್ಲ. ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ ಬರುತ್ತೆ. ಸ್ವಿಚ್ ಪಕ್ಕದಲ್ಲಿ 7.2-24 ವೋಲ್ಟ್ ಡಿಸಿ, 16 ಆಂಪ್ ಅಂತ ಅಚ್ಚಾಗಿದೆ. ಇದು ಯಾಕೆ ಸುಟ್ಟಿತು ಅಂತ ಗೊತ್ತಾಗಲಿಲ್ಲ.

ಪೀಣ್ಯ_ವೈಂಡಿಂಗ್:
ಆ ಅಚ್ಚನ್ನು ಓದಿಕೊಂಡಿದ್ದೇ ಅರ್ಧ ಕೆಲಸ ಆಯ್ತು. 24 ವೋಲ್ಟ್‌ವರೆಗೂ ತಡೆಯೋ ಸ್ವಿಚ್, ಅಂದರೆ 18 ವೋಲ್ಟ್ ಡ್ರಿಲ್‌ಗಳಲ್ಲೂ ಇದೇ ಜಾತಿಯದು ಇರುತ್ತದೆ. ಬಜಾರ್‌ನಲ್ಲಿ ನಿಮ್ಮ ಬ್ರ್ಯಾಂಡ್ ಹುಡುಕಬೇಡಿ, ಸ್ವಿಚ್‌ನ ಅಳತೆ, ಆಕಾರ, ಈ ಅಚ್ಚು ಇಷ್ಟು ನೋಡಿ. ಬ್ಯಾಟರಿ ಇಲ್ಲದ ಡ್ರಿಲ್ ಆದರೆ ಇನ್ನೂ ಒಳ್ಳೇದು, ಬೆಲೆ ಇಳಿಯುತ್ತದೆ, ನಿಮಗೆ ಅದರ ಬ್ಯಾಟರಿ ಬೇಕಾಗೂ ಇಲ್ಲ.

ಸುಟ್ಟಿದ್ದಕ್ಕೆ ಕಾರಣ ಹೇಳ್ತೀನಿ. ಗೇರ್ 2ರಲ್ಲಿಟ್ಟು, ಟ್ರಿಗರ್ ಅರ್ಧ ಒತ್ತಿ, ಗಟ್ಟಿ ಮರಕ್ಕೆ ಉದ್ದ ಸ್ಕ್ರೂ ಇಳಿಸಿದ್ದೀರಾ? ಮೋಟಾರ್ ಹತ್ತಿರ ಹತ್ತಿರ ನಿಂತೇ ಹೋಗಿ ಕರೆಂಟ್ ಮಾತ್ರ ಎಳೆಯುತ್ತಾ ಇರುತ್ತದೆ, ಆ ಬಿಸಿಯನ್ನೆಲ್ಲ ಮಾಸ್‌ಫೆಟ್ ತಿನ್ನಬೇಕು. ಭಾರದ ಕೆಲಸಕ್ಕೆ ಗೇರ್ 1, ಟ್ರಿಗರ್ ಪೂರ್ತಿ. ಅಪಾರ್ಟ್‌ಮೆಂಟ್ ಕಾಂಕ್ರೀಟ್ ಗೋಡೆಗೆ ಹ್ಯಾಮರ್ ಇಲ್ಲದ 12 ವೋಲ್ಟ್ ಡ್ರಿಲ್ ಹಿಡಿದು ನಿಲ್ಲೋದನ್ನಂತೂ ಬಿಟ್ಟುಬಿಡಿ.

ಯಲಹಂಕ_ವೋಲ್ಟ್:
ಬಜಾರ್‌ಗೆ ಮಲ್ಟಿಮೀಟರ್ ತಗೊಂಡು ಹೋಗಿ ಸಾರ್. ಮೆಟ್ರೋದಲ್ಲಿ ಚಿಕ್ಕಪೇಟೆಗೆ ಇಳಿದರೆ ನಡೆಯೋ ದೂರ, ಬೆಳಿಗ್ಗೆ ಬೇಗ ಹೋದರೆ ಒಳ್ಳೇ ಮಾಲು. ಎಸ್.ಪಿ. ರಸ್ತೆ ಕೆಲಸ ಇದ್ದರೆ ವಾರದ ದಿನ ಇಟ್ಟುಕೊಳ್ಳಿ, ಭಾನುವಾರ ಅಲ್ಲಿ ತುಂಬಾ ಶಟರ್ ಮುಚ್ಚಿರುತ್ತವೆ. ಅಂಗಡಿಯವನು ಓಡುತ್ತೆ ಸಾರ್, ಗ್ಯಾರಂಟಿ ಅಂತಾನೆ. ನಗ್ತಾ ತಲೆ ಆಡಿಸಿ, ನಿಮ್ಮ ಬ್ಯಾಟರಿಯಿಂದ ಎರಡು ವೈರ್ ಎಳೆದು ಅದರ ಟರ್ಮಿನಲ್‌ಗೆ ಮುಟ್ಟಿಸಿ. ಪ್ಲಸ್ ಮೈನಸ್ ಸರಿಯಾಗಿ ನೋಡಿಕೊಂಡು. 18 ವೋಲ್ಟ್ ಡ್ರಿಲ್ 12 ವೋಲ್ಟ್‌ನಲ್ಲಿ ನಿಧಾನಕ್ಕೆ ತಿರುಗುತ್ತದೆ, ಪರವಾಗಿಲ್ಲ. ಟ್ರಿಗರ್ ಒತ್ತಿದಂತೆ ಸ್ಪೀಡ್ ಮೆಲ್ಲಗೆ ಏರಿದರೆ ಸ್ವಿಚ್ ಜೀವಂತ ಇದೆ.

ಫಾರ್ವರ್ಡ್-ರಿವರ್ಸ್ ಲಿವರ್ರೂ ಜೊತೆಗೆ ತಗೊಳ್ಳಿ. ಸ್ವಿಚ್ ಒಂದೇ ಇದ್ದರೂ ಅದರ ತಲೆಗೆ ಸಿಕ್ಕೋ ಲಿವರ್ ಬೇರೆ ಬೇರೆ ಉದ್ದ ಇರುತ್ತದೆ.

ಸುಮ್ನೆ_ರಿಪೇರಿ:
ಸರಿ, ಸ್ವಿಚ್ ಅಂತಾನೇ ಒಪ್ಪೋಣ. ಹೇಗಿದ್ರೂ 18 ವೋಲ್ಟ್ ಡ್ರಿಲ್ ತರ್ತಾರಲ್ಲ, ಆ ಮೋಟಾರೂ ಹಾಕಿದರೆ ಪವರ್ ಜಾಸ್ತಿ ಬರಲ್ವಾ? ಲ್ಯಾಪ್‌ಟಾಪ್ ಸೆಲ್‌ನೂ ಹಾಕಿಬಿಡಲಿ.

ಪೀಣ್ಯ_ವೈಂಡಿಂಗ್:
ಬರಲ್ಲ ಗುರು. ಮೋಟಾರ್ ಸೈಜ್ 550 ಅಂತ ಒಂದೇ ಕಂಡರೂ ವೈಂಡಿಂಗ್ 18 ವೋಲ್ಟ್‌ಗೆ ಮಾಡಿದ್ದು, 12ರಲ್ಲಿ ಕೊಟ್ಟರೆ ಸ್ಪೀಡ್ ಮೂರರಲ್ಲಿ ಎರಡು ಭಾಗಕ್ಕೆ ಇಳಿಯುತ್ತದೆ. ಪಿನಿಯನ್ (ಮೋಟಾರ್ ತುದಿಯ ಚಿಕ್ಕ ಗೇರ್) ಹಲ್ಲು ಹೊಂದದಿದ್ದರೆ ಗೇರ್‌ಬಾಕ್ಸೂ ಹಾಳು.

ಲ್ಯಾಪ್‌ಟಾಪ್ ಸೆಲ್ ವಿಷಯಕ್ಕೆ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ಬೇಡ. ಲ್ಯಾಪ್‌ಟಾಪ್‌ದೂ ಡ್ರಿಲ್‌ದೂ ಎರಡೂ 18650 ಅನ್ನೋ ಅಳತೆಯ ಸೆಲ್, ಹೊರಗೆ ನೋಡೋಕೆ ಒಂದೇ. ಲ್ಯಾಪ್‌ಟಾಪ್‌ನಲ್ಲಿರೋ 2200 ಎಂಎಎಚ್ ಸೆಲ್ ಸಾಮಾನ್ಯವಾಗಿ ನಾಲ್ಕೈದು ಆಂಪ್‌ಗಷ್ಟೇ ಮಾಡಿದ್ದು. ಡ್ರಿಲ್ ಬಿಟ್ ಸಿಕ್ಕಿಹಾಕಿಕೊಂಡ ಕ್ಷಣದಲ್ಲಿ 20 ಆಂಪ್ ದಾಟಬಹುದು. ಡ್ರಿಲ್‌ಗೆ ಬೇಕಿರೋದು ಸ್ಯಾಮ್‌ಸಂಗ್ 25ಆರ್ ಥರದ್ದು, 2500 ಎಂಎಎಚ್, 20 ಆಂಪ್. ಮೂಲೆಯಲ್ಲಿ ಬಿದ್ದು 2 ವೋಲ್ಟ್‌ಗಿಂತ ಕೆಳಗೆ ಇಳಿದ ಸೆಲ್‌ನಲ್ಲಿ ತಾಮ್ರ ಕರಗಿ ಒಳಗೇ ಶಾರ್ಟ್ ಆಗುವ ಭಯ ಬೇರೆ. ಅದನ್ನು ಚಾರ್ಜ್ ಮಾಡೋಕೆ ಹೋಗಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಇ-ವೇಸ್ಟ್‌ನವರಿಗೆ ಕೊಡಿ. ಚೆನ್ನಾಗಿರೋ ಸೆಲ್ ಸಿಕ್ಕರೆ ಟಾರ್ಚ್‌ಗೆ ಹಾಕಿಕೊಳ್ಳಿ.

ವಿಜಯನಗರ_ಬಡಗಿ:
ಅಪ್‌ಡೇಟ್. ಹ್ಯಾಂಡಲ್ ಒಡೆದ 18 ವೋಲ್ಟ್ ಡ್ರಿಲ್ ಸಿಕ್ತು, 400 ಅಂದವನು 150ಕ್ಕೆ ಕೊಟ್ಟ. ಸ್ವಿಚ್ ಮೇಲೆ ಅದೇ ಅಚ್ಚು. ವೈರ್‌ಗಳನ್ನು ಸ್ವಿಚ್ ಹತ್ತಿರ ಬಿಚ್ಚದೆ, ಮೋಟಾರ್ ಕಡೆ ಉದ್ದಕ್ಕೆ ಬಿಟ್ಟು ಕತ್ತರಿಸಿ, ನಡುವೆ ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಹಾಕಿದೆ. ಒಳಗಿನ ಒಂದು ಪ್ಲಾಸ್ಟಿಕ್ ಪಕ್ಕೆ ಅಡ್ಡ ಬಂತು, ಬ್ಲೇಡ್‌ನಲ್ಲಿ ಕೆರೆದೆ. ಈಗ ಟ್ರಿಗರ್ ಮುಟ್ಟಿದರೆ ಚಕ್ (ಬಿಟ್ ಹಿಡಿಯೋ ತಲೆ) ಒಂದೊಂದೇ ಸುತ್ತು ಬರುತ್ತೆ, ಸ್ಕ್ರೂ ಮೆಲ್ಲಗೆ ಕೂರುತ್ತೆ. ಒಂದೇ ಡೌಟು. ಟ್ರಿಗರ್ ಬಿಟ್ಟ ಮೇಲೆ ಮುಂಚೆ ಟಕ್ ಅಂತ ನಿಲ್ತಿತ್ತು, ಈಗ ಸ್ವಲ್ಪ ಹೊತ್ತು ತಿರುಗಿ ನಿಲ್ಲುತ್ತೆ.

ಪೀಣ್ಯ_ವೈಂಡಿಂಗ್:
ಸೂಪರ್. ಅದು ಬ್ರೇಕ್ ಕಾಂಟ್ಯಾಕ್ಟ್. ಟ್ರಿಗರ್ ಬಿಟ್ಟಾಗ ಮೋಟಾರ್‌ನ ಎರಡು ತುದಿಯನ್ನೂ ಸ್ವಿಚ್ಚೇ ಜೋಡಿಸಿ ನಿಲ್ಲಿಸುತ್ತದೆ. ಗುಜರಿ ಸ್ವಿಚ್‌ನಲ್ಲಿ ಅದು ಕಪ್ಪಾಗಿರಬೇಕು. ಬ್ಯಾಟರಿ ತೆಗೆದು, ಟ್ರಿಗರ್ ಸಂದಿಗೆ ಸ್ವಲ್ಪ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಹಲವು ಸಲ ಒತ್ತಿ ಬಿಡಿ, ಪೂರ್ತಿ ಒಣಗಿದ ಮೇಲೆ ಬ್ಯಾಟರಿ ಹಾಕಿ. ಆಗಲೂ ಸರಿಹೋಗದಿದ್ದರೆ ಹಾಗೇ ಬಳಸಿ, ಬೇರೇನೂ ಹಾಳಾಗಲ್ಲ. ಚಕ್ ಪೂರ್ತಿ ನಿಂತ ಮೇಲಷ್ಟೇ ಬಿಟ್‌ಗೆ ಕೈ ಹಾಕಿ.