ಮಾಚೇನಹಳ್ಳಿಯಲ್ಲಿ ಕೆಲಸ, ಶಿವಮೊಗ್ಗದಲ್ಲಿ ಮನೆ: ಯಾವ ಏರಿಯಾ ನೋಡಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನು ತೀರ್ಥಹಳ್ಳಿ ಕಡೆಯವಳು. ಈ ವರ್ಷ ಬಿ.ಕಾಂ. ಮುಗಿಯಿತು. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿದೆ. ಕಾಲೇಜಿನ ಗೆಳತಿಯ ಜೊತೆ ಸೇರಿ ಮನೆ ಮಾಡಬೇಕು ಅಂತಿದ್ದೇನೆ. ಅವಳಿಗೆ ದುರ್ಗಿಗುಡಿಯ ಒಂದು ಲ್ಯಾಬ್‌ನಲ್ಲಿ ಕೆಲಸ. ಇಬ್ಬರಿಗೂ ಸೇರಿ ಒಂದೇ ಸ್ಕೂಟಿ. ಬಾಡಿಗೆ ಎಂಟು ಸಾವಿರ ದಾಟಬಾರದು. ಕೇಳಿದವರೆಲ್ಲ ವಿನೋಬನಗರ ಅಂತಾರೆ. ಬಾಡಿಗೆ ಮನೆ ಕೊಡಿಸುವವರು ನೀವು, ಏನು ಹೇಳ್ತೀರಿ?

ಉತ್ತರ: ವಿನೋಬನಗರ ಒಳ್ಳೆ ಏರಿಯಾನೇ ಕಣಮ್ಮ. 100 ಅಡಿ ರಸ್ತೆ, ಪೊಲೀಸ್ ಚೌಕಿ ಸುತ್ತಮುತ್ತ ಅಂಗಡಿ, ಮೆಡಿಕಲ್, ಹೋಟೆಲ್ ಎಲ್ಲ ಕೈಗೆ ಸಿಗುತ್ತದೆ. ಆದರೆ ಆ ಹೆಸರಿಗೇ ಬಾಡಿಗೆ ಜಾಸ್ತಿ. ಮೇಲಾಗಿ ನಿಮ್ಮ ಕೆಲಸ ಇರುವುದು ತುಂಗಾ ಹೊಳೆಯ ಆಚೆ. ದಿನಾ ಊರು ಸೀಳಿಕೊಂಡು ಬಿ.ಎಚ್. ರಸ್ತೆಗೆ ಬಂದು, ಸೇತುವೆ ದಾಟಿ, ಭದ್ರಾವತಿ ದಿಕ್ಕಿಗೆ ಹೋಗಬೇಕು. ಜುಲೈ ತಿಂಗಳಲ್ಲಿ ರೇನ್‌ಕೋಟ್ ಹಾಕಿಕೊಂಡು ಇದನ್ನು ಮಾಡಿ ನೋಡಿ, ವಿನೋಬನಗರ ಬೇಡ ಅಂತ ನೀವೇ ಹೇಳ್ತೀರಿ.

ನಾನಾಗಿದ್ದರೆ ಹೊಳೆಯ ಆಚೆ, ನಿಮ್ಮ ಕೆಲಸದ ಕಡೆಗೇ ಇರುವ ವಿದ್ಯಾನಗರ ನೋಡುತ್ತಿದ್ದೆ. ಸಹ್ಯಾದ್ರಿ ಕಾಲೇಜು ಅಲ್ಲೇ ಇರುವುದರಿಂದ ಓದುವ ಮಕ್ಕಳಿಗೆ ಮನೆ ಕೊಟ್ಟು ರೂಢಿ ಇದೆ. ಮನೆಯವರು ಬರೀ ಹುಡುಗಿಯರಾ ಅಂತ ಹುಬ್ಬೇರಿಸುವುದು ಕಡಿಮೆ. ಭದ್ರಾವತಿ ಬಸ್ಸುಗಳು ಬಿ.ಎಚ್. ರಸ್ತೆಯಲ್ಲೇ ಓಡಾಡುತ್ತವೆ. ನಿಮ್ಮ ಗೆಳತಿಗೂ ಸೇತುವೆ ದಾಟಿದರೆ ಪೇಟೆ. ಊರಿಗೆ ಹೋಗುವ ದಿನ ಬಸ್ ಸ್ಟ್ಯಾಂಡೂ ದೂರ ಆಗುವುದಿಲ್ಲ. ಸ್ಕೂಟಿ ಯಾರಿಗೆ ಅನ್ನುವುದನ್ನು ಮಾತ್ರ ನೀವಿಬ್ಬರೇ ಜಗಳ ಆಡಿ ತೀರ್ಮಾನ ಮಾಡಿಕೊಳ್ಳಿ.

ಒಂದು ಎಚ್ಚರ. ಆಚೆ ದಡವಾಗಲಿ ಈಚೆ ದಡವಾಗಲಿ, ಹೊಳೆಗೆ ಹತ್ತಿರದ ತಗ್ಗಿನಲ್ಲಿ ಮನೆ ಬೇಡ. ಊರಿನ ಮೇಲ್ಗಡೆ ತುಂಗೆಗೆ ಕಟ್ಟಿರುವ ಗಾಜನೂರು ಡ್ಯಾಂ ಸಣ್ಣದು, ಹಿಡಿಯುವುದೇ 3.24 ಟಿಎಂಸಿ. ನಿಮ್ಮ ತೀರ್ಥಹಳ್ಳಿ ಕಡೆ ಜೋರು ಮಳೆ ಹಿಡಿದರೆ ಬೇಗ ತುಂಬಿ ಗೇಟ್ ಎತ್ತುತ್ತಾರೆ. ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತು ಅಂತ ಫೋಟೋ ಬರುತ್ತಲ್ಲ, ಅದು ಸೇತುವೆ ಮೇಲೆ ನಿಂತು ನೋಡುವವರಿಗೆ ಚೆಂದ. 2019ರ ಆಗಸ್ಟ್‌ನಲ್ಲಿ ತಗ್ಗಿನ ಬಡಾವಣೆಗಳ ಮನೆಯೊಳಗೇ ನೀರು ನುಗ್ಗಿತ್ತು. ಇದನ್ನು ಮನೆ ಮಾಲೀಕರ ಹತ್ತಿರ ಕೇಳಬೇಡಿ, ಬೀದಿ ಕೊನೆಯ ಕಿರಾಣಿ ಅಂಗಡಿಯಲ್ಲಿ ಕೇಳಿ. ಅಕ್ಕಿ ಮೂಟೆಯನ್ನು ಅಟ್ಟಕ್ಕೆ ಏರಿಸಿದವರಿಗೆ ನೀರು ಎಲ್ಲಿವರೆಗೆ ಬಂದಿತ್ತು ಅಂತ ಚೆನ್ನಾಗಿ ನೆನಪಿರುತ್ತದೆ.

ಇನ್ನೊಬ್ಬರು: ಸರ್, ನನಗೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಕೆಲಸ. ಬ್ಯಾಚುಲರ್. ನನಗೂ ವಿದ್ಯಾನಗರವೇನಾ?

ಉತ್ತರ: ಬೇಡ, ನಿಮ್ಮ ಕೆಲಸ ಹೊಳೆಯ ಈಚೆ, ನಿಮಗೆ ಅದೇ ಲೆಕ್ಕ ತಿರುಗುಮುರುಗು. ಗೋಪಾಳ, ಆಲ್ಕೊಳ ಸರ್ಕಲ್ ಸುತ್ತ ನೋಡಿ. ನಾನ್‌ವೆಜ್ ಮಾಡುತ್ತೀರಾದರೆ ಮೊದಲೇ ಹೇಳಿಬಿಡಿ. ಆಮೇಲೆ ಮುಖ ಕೆಡುವುದಕ್ಕಿಂತ ಅದು ಮೇಲು.

ಪ್ರಶ್ನೆ (ಮೊದಲಿನವರು): ಸರ್, ವಿದ್ಯಾನಗರದಲ್ಲಿ ಒಂದು ಮಹಡಿ ಮನೆ ನೋಡಿ ಬಂದೆವು. ಹೊಸ ಪೇಂಟ್ ಆಗಿದೆ, ಚೆನ್ನಾಗಿದೆ. 50 ಸಾವಿರ ಅಡ್ವಾನ್ಸ್, 11 ತಿಂಗಳ ಅಗ್ರಿಮೆಂಟ್ ಅಂದರು. ಕೊಟ್ಟುಬಿಡಲಾ?

ಉತ್ತರ: ಹೊಸ ಪೇಂಟ್ ಅಂದ ಕೂಡಲೇ ನನಗೆ ಸ್ವಲ್ಪ ಅನುಮಾನ. ಒಂದು ಟೋಕನ್ ಕೊಟ್ಟು, ಚೆನ್ನಾಗಿ ಮಳೆ ಹೊಡೆದ ಮಾರನೇ ದಿನ ಮತ್ತೆ ಹೋಗಿ. ಪಶ್ಚಿಮದ ಗೋಡೆಗೆ ಒಳಗಿನಿಂದ ಅಂಗೈ ಇಟ್ಟು ನೋಡಿ. ನಮ್ಮ ಕಡೆ ಮಳೆ ಎರಚಲು ಹೊಡೆಯುವುದು ಹೆಚ್ಚಾಗಿ ಆ ಕಡೆಯಿಂದಲೇ. ಕೈಗೆ ತಣ್ಣಗೆ, ಅಂಟಂಟಾಗಿ ತಾಗಿದರೆ ಒಳಗೆ ತೇವ ಇದೆ. ಗೋಡೆ ಕಪಾಟಿನ ಬಾಗಿಲು ತೆಗೆದು ಮೂಸಿ. ಬೂಷ್ಟಿನ ವಾಸನೆ ಪೇಂಟಿಗೆ ಹೆದರುವುದಿಲ್ಲ. ಬಟ್ಟೆ ಒಣಗಿಸಲು ಶೀಟಿನ ಕೆಳಗೆ ಜಾಗ ಇದೆಯಾ ನೋಡಿ, ಇಲ್ಲದಿದ್ದರೆ ಮಳೆಗಾಲವಿಡೀ ಹಾಲ್‌ನಲ್ಲೇ ಹಗ್ಗ. ಕಾರ್ಪೊರೇಷನ್ ನೀರು ಯಾವ ಹೊತ್ತಿಗೆ ಬರುತ್ತದೆ, ಮಹಡಿಗೆ ಬೇರೆ ಟ್ಯಾಂಕ್ ಇದೆಯಾ, ಅದನ್ನೂ ಕೇಳಿ.

11 ತಿಂಗಳು ಮಾಮೂಲಿ. ಒಂದು ವರ್ಷ ಮೀರಿದ ಕರಾರಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು, ಅದಕ್ಕೆ ಹೀಗೆ ಮಾಡುತ್ತಾರೆ. ಅಡ್ವಾನ್ಸ್ ಅನ್ನು ಬ್ಯಾಂಕ್ ಮೂಲಕವೋ ಫೋನ್‌ಪೇಯಲ್ಲೋ ಹಾಕಿ, ಕೈಯಲ್ಲಿ ಕೊಡಬೇಡಿ. ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅನ್ನುವುದು ಅಗ್ರಿಮೆಂಟ್‌ನಲ್ಲೇ ಇರಲಿ. ಹೆಚ್ಚಿನ ಜಗಳ ಆಗುವುದು ಅಲ್ಲೇ.

ಪ್ರಶ್ನೆ: ಕರೆಂಟ್ ಬಿಲ್ ನಮ್ಮದೇ ಅಂದರು. ಬಾಡಿಗೆಯವರಿಗೂ ಗೃಹಜ್ಯೋತಿ (ಸರ್ಕಾರದ ಫ್ರೀ ಕರೆಂಟ್) ಬರುತ್ತಾ?

ಉತ್ತರ: ಬರುತ್ತದೆ. ಮಹಡಿಗೆ ಬೇರೆ ಮೀಟರ್ ಇದೆಯಾ ಅಂತ ಮೊದಲು ನೋಡಿ. ಮೆಸ್ಕಾಂ ಬಿಲ್‌ನಲ್ಲಿರುವ ಆರ್‌ಆರ್ ನಂಬರ್, ನಿಮ್ಮ ಆಧಾರ್, ಅಗ್ರಿಮೆಂಟ್ ಇಟ್ಟುಕೊಂಡು ಅರ್ಜಿ ಹಾಕಿ. ಹಿಂದೆ ಇದ್ದವರು ತಮ್ಮ ಆಧಾರನ್ನು ಆ ನಂಬರಿನಿಂದ ಡಿ-ಲಿಂಕ್ ಮಾಡಿರಬೇಕು. ಮಾಡದಿದ್ದರೆ ಕೀ ತೆಗೆದುಕೊಳ್ಳುವ ಮೊದಲೇ ಮಾಲೀಕರಿಂದ ಅವರಿಗೆ ಫೋನ್ ಮಾಡಿಸಿ.